ಬುಧವಾರ ಬರೆದ ಸಾಲು

ಮೂರನೆಯ ಸಲವೂ ಕಂಪ್ಯೂಟರ್ ಅದನ್ನೇ ಹೇಳಿತು. ಡಿಸ್ಕ್ ಒಂದೂ ಇಲ್ಲ.

ಇಲ್ಲವೇನು? ಪೆಟ್ಟಿಗೆಯೊಳಗೆ ನಾಲ್ಕು ಡಿಸ್ಕುಗಳು ಗುಂಯ್ ಎನ್ನುತ್ತ ತಿರುಗುತ್ತಿದ್ದವು. ಕೈಯಿಟ್ಟರೆ ಬೆಚ್ಚಗಿದ್ದವು. ನಾಲ್ಕರ ಮುಂದೆಯೂ ಹಸಿರು ದೀಪ. ಪರದೆಯ ಮೇಲೆ ಮಾತ್ರ ಅವುಗಳ ಹೆಸರಿಲ್ಲ, ಸುಳಿವಿಲ್ಲ.

ರಿಪೇರಿ ಅಕ್ಕ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಯ ಗಡಿಯಾರ ನೋಡಿದಳು. ಒಂದೂ ಇಪ್ಪತ್ತು. ನಾಲ್ಕು ಗಂಟೆಗೆ ಅವಳ ತಮ್ಮನನ್ನು ಕೊಲೆ ಆರೋಪದ ಮೇಲೆ ಕೋರ್ಟಿಗೆ ಹಾಜರುಪಡಿಸುತ್ತಾರೆ.

ಗುರುವಾರ ಸಂಜೆ ಈ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆಯೊಳಗೆ ಕಾವಲುಗಾರ ಅಜ್ಜ ಇದ್ದಾಗಲೇ ಯಾರೋ ಹೊರಗಿನಿಂದ ಚಿಲಕ ಎಳೆದಿದ್ದರು. ಬೆಳಿಗ್ಗೆ ಬಾಗಿಲು ತೆಗೆದಾಗ ಅಜ್ಜ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಲ್ಲೇ ಹೆಪ್ಪುಗಟ್ಟಿದ್ದ. ಚಿಲಕದ ಮೇಲಿದ್ದದ್ದು ಇಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ತಮ್ಮನ ಬೆರಳಚ್ಚು.

ತಮ್ಮ ಹೇಳಿದ್ದು ಒಂದೇ ಮಾತು. "ಆರು ಗಂಟೆಗೇ ಮನೆಗೆ ಹೊರಟೆ. ಆ ಕಡೆ ಹೋಗೇ ಇಲ್ಲ."

ಅದು ನಿಜವೋ ಸುಳ್ಳೋ ಹೇಳಬೇಕಾದದ್ದು ಮೂರನೇ ಕೋಣೆಯ ಎದುರಿನ ಕ್ಯಾಮೆರಾ. ಕ್ಯಾಮೆರಾ ಕಂಡದ್ದೆಲ್ಲ ಶೇಖರವಾಗುವುದು ಈ ನಾಲ್ಕು ಡಿಸ್ಕುಗಳಲ್ಲಿ. "ಶುಕ್ರವಾರ ಬೆಳಿಗ್ಗೆ ನೋಡಿದ್ರೆ ಡಿಸ್ಕೆಲ್ಲ ಸತ್ತಿದ್ವು" ಎಂದಿದ್ದ ಮ್ಯಾನೇಜರ್. ಪೊಲೀಸರು ಹೌದಾ ಎಂದು ಬರೆದುಕೊಂಡಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರಿಗೆ ಲೋಕದಲ್ಲಿ ಬರವೇ?

ಆರೋಪಿಯ ಅಕ್ಕನ ಕೈಗೆ ಸಾಕ್ಷಿಯ ಪೆಟ್ಟಿಗೆ ಕೊಡುವುದು ನಿಯಮವಲ್ಲ. ಅದು ಇನ್ಸ್‌ಪೆಕ್ಟರಿಗೂ ಗೊತ್ತಿತ್ತು. ಆದರೆ ಸರ್ಕಾರದ ಪ್ರಯೋಗಾಲಯಕ್ಕೆ ಕಳಿಸಿದರೆ ಆರು ತಿಂಗಳು. ಊರಲ್ಲಿ ಇಂಥ ಹಳೆಯ ಪೆಟ್ಟಿಗೆ ಬಿಚ್ಚಬಲ್ಲ ಅಂಗಡಿ ಅವಳದ್ದೊಂದೇ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು.

"ನೋಡಮ್ಮ, ನಿನ್ನ ತಮ್ಮ ಅಲ್ಲಿರ್ಲಿಲ್ಲ ಅಂತ ನಾಲ್ಕು ಗಂಟೆಯೊಳಗೆ ತೋರ್ಸು. ನಾನೇ ಬಿಡಿಸಿ ಕಳಿಸ್ತೀನಿ" ಎಂದು ಬೆಳಿಗ್ಗೆ ಇನ್ಸ್‌ಪೆಕ್ಟರ್ ಹೇಳಿದ್ದರು. ಬಾಗಿಲ ಹೊರಗೆ ಒಬ್ಬ ಪೇದೆಯನ್ನು ಕೂರಿಸಿ ಹೋಗಿದ್ದರು. ಅವನು ಫೋನಿನಲ್ಲಿ ಮುಳುಗಿದ್ದ.

ಫೋನು ಗುರುಗುಟ್ಟಿತು. ಅಮ್ಮ. ಬೆಳಿಗ್ಗೆ ಏಳರಿಂದ ಠಾಣೆಯ ಎದುರಿನ ಬೆಂಚಿನ ಮೇಲೆ ಕುಳಿತಿದ್ದಾಳೆ.

"ಸಿಕ್ತೇನೇ?"

"ಇನ್ನೂ ಇಲ್ಲಮ್ಮ. ನೀನು ಏನಾದ್ರೂ ತಿಂದ್ಯಾ?"

"ಅವ್ನು ತಿಂದ್ನೋ ಇಲ್ವೋ. ಒಳಗೆ ಬಿಡ್ತಿಲ್ಲ. ಬೇಗ ನೋಡೇ. ನಿನ್ ಕೈಲಿ ಆಗ್ದೇ ಇರೋದು ಯಾವ್ದಿದೆ?"

ಅಕ್ಕ ಫೋನು ಮಗುಚಿಟ್ಟಳು. ತಾಯಂದಿರ ಇಂಥ ನಂಬಿಕೆ ಕೆಲವೊಮ್ಮೆ ಬೈಗುಳಕ್ಕಿಂತ ಭಾರ.

ಮತ್ತೆ ಮೊದಲಿನಿಂದ ಹೊರಟಳು. ಡಿಸ್ಕುಗಳು ನೇರವಾಗಿ ಕಂಪ್ಯೂಟರಿಗೆ ಅಂಟಿಕೊಂಡಿರಲಿಲ್ಲ. ನಡುವೆ ಒಂದು ಕಂಟ್ರೋಲರ್ ಕಾರ್ಡು. ನಾಲ್ಕು ಡಿಸ್ಕಿನ ನಾಲ್ಕು ತಂತಿಯೂ ಅದಕ್ಕೇ. ಕಾರ್ಡಿನ ಜೊತೆ ಮಾತಾಡಲು ಕಂಪ್ಯೂಟರಿಗೆ ಡ್ರೈವರ್ ಎಂಬ ಸಣ್ಣ ಪ್ರೋಗ್ರಾಂ ಬೇಕು. ಡ್ರೈವರ್ ಇಲ್ಲವೆಂದರೆ ಡಿಸ್ಕು ಎದುರಿಗೇ ಕುಣಿದರೂ ಕಂಪ್ಯೂಟರಿಗೆ ಕಾಣದು.

ಈ ಕಂಪ್ಯೂಟರಿನಲ್ಲಿ, ಬೋರ್ಡಿನ ಮೇಲಿನ ಬೇರೆಯೇ ಒಂದು ಸಣ್ಣ ಚಿಪ್ಪಿನಲ್ಲಿ, ಇದ್ದದ್ದು ಓಪನ್ ಸೋರ್ಸ್ ಆಪರೇಟಿಂಗ್ ಸಿಸ್ಟಮ್. ಯಾರು ಬೇಕಾದರೂ ಒಳಗೆ ಇಣುಕಬಹುದು, ಓದಬಹುದು, ತಿದ್ದಬಹುದು. ಅದರ ಹೊಸ ಆವೃತ್ತಿಗಳು ಬಂದಾಗಲೆಲ್ಲ ಹಳೆಯ ಕಾರ್ಡುಗಳ ಡ್ರೈವರುಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಾರೆ. ಹಾಗೆ ಕುರುಡಾಗಿ ಅಕ್ಕನ ಅಂಗಡಿಗೆ ಬಂದ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಇದೂ ಅದೇ ರೋಗವಿರಬೇಕೆಂದು ಬೆಳಿಗ್ಗೆಯಿಂದ ನಂಬಿದ್ದಳು.

ಈಗ ಹುಡುಕಿ ನೋಡಿದರೆ ಡ್ರೈವರ್ ಅಲ್ಲೇ ಇತ್ತು. ಯಾರೂ ಕಿತ್ತಿರಲಿಲ್ಲ. ಕಾರ್ಡು ಕೂಡ ತನ್ನ ಜಾಗದಲ್ಲಿ ಸರಿಯಾಗಿ ಕೂತಿದೆ ಎಂದು ಯಂತ್ರವೇ ಹೇಳುತ್ತಿತ್ತು. ಆದರೆ ಕಾರ್ಡಿನ ಮುಂದೆ ಡ್ರೈವರ್ ಎಂಬ ಜಾಗ ಖಾಲಿ.

ಅಕ್ಕ ಕೈಯಾರೆ ಡ್ರೈವರನ್ನು ಕರೆದಳು.

ಯಂತ್ರ ಚಕಾರ ಎತ್ತಲಿಲ್ಲ. ತಪ್ಪು ಎನ್ನಲಿಲ್ಲ, ಆಗದು ಎನ್ನಲಿಲ್ಲ. ಆಯಿತು ಎಂಬಂತೆ ಮುಂದಿನ ಸಾಲಿಗೆ ಬಂದು ನಿಂತಿತು. ಪಟ್ಟಿ ನೋಡಿದಳು. ಡ್ರೈವರ್ ಬಂದೇ ಇಲ್ಲ.

ಕೆಟ್ಟ ಯಂತ್ರ ಗೊಣಗುತ್ತದೆ, ಬೈಯುತ್ತದೆ, ಪರದೆಯ ತುಂಬ ಕೆಂಪು ಕಾರುತ್ತದೆ. ಹೂಂ ಎಂದು ತಲೆಯಾಡಿಸಿ ಕೆಲಸ ಮಾಡದೆ ಕೂರುವುದು ಮನುಷ್ಯರ ಗುಣ. ಯಂತ್ರಕ್ಕೆ ಅದನ್ನು ಯಾರೋ ಕಲಿಸಿರಬೇಕು.

ಸೆಟ್ಟಿಂಗ್‌ಗಳ ಕಡತಗಳನ್ನು ಒಂದೊಂದಾಗಿ ತೆರೆದಳು. ಏಳನೆಯದರಲ್ಲಿ ಸಿಕ್ಕಿತು. ಎಂಟು ಮಾಮೂಲು ಸಾಲುಗಳ ಕೆಳಗೆ ಒಂಬತ್ತನೆಯದು. ಅದರ ಅರ್ಥ ಇಷ್ಟೇ: ಈ ಡ್ರೈವರನ್ನು ಯಾರಾದರೂ ಕರೆದರೆ ಏನೂ ಮಾಡಬೇಡ, ಆಯಿತು ಎಂದು ಹೇಳು.

ಡಿಸ್ಕು ಸತ್ತಿರಲಿಲ್ಲ. ಕಾರ್ಡು ಸತ್ತಿರಲಿಲ್ಲ. ಒಂದೇ ಒಂದು ಸಾಲಿನಿಂದ ಯಾರೋ ಅವುಗಳ ಬಾಯಿ ಕಟ್ಟಿದ್ದರು.

ಅದೇ ಕಡತದ ಪಕ್ಕದಲ್ಲಿ ಇನ್ನೊಂದಿತ್ತು. ಎಂಟೇ ಸಾಲಿನದು, ತಿದ್ದುವ ಮುಂಚಿನ ನಕಲು. ಹೆಸರಿನ ಕೊನೆಗೆ 'ಹಳತು' ಎಂದು ಬರೆದು ತಾರೀಕು ಹಾಕಿತ್ತು.

ಅಕ್ಕ ಆ ಹೆಸರನ್ನು ಎರಡು ಸಲ ಓದಿದಳು. ಹೀಗೆ ನಕಲು ಎತ್ತಿಡುವವರು ನೂರು ಜನ ಇರಬಹುದು, ಒಬ್ಬೊಬ್ಬರದು ಒಂದೊಂದು ರೀತಿ. ಆದರೆ 'ಹಳತು' ಎಂದು ಬರೆದು ತಾರೀಕು ಸೇರಿಸುವವರು ಅವಳಿಗೆ ತಿಳಿದಂತೆ ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬರು ತನಗೆ ಅದನ್ನು ಕಲಿಸಿದವರು.

"ಊಟ ಮಾಡಿದ್ಯಾ ಮಗಳೇ?"

ಬಾಗಿಲಲ್ಲಿ ಕಂಪ್ಯೂಟರ್ ಮೇಷ್ಟ್ರು ನಿಂತಿದ್ದರು. ಎರಡು ಲೋಟ ಟೀ ಕೈಯಲ್ಲಿ. ಏಳು ವರ್ಷದ ಹಿಂದೆ ಈ ಪೆಟ್ಟಿಗೆಯನ್ನು ಇಲ್ಲಿ ಕೂರಿಸಿದವರೇ ಅವರು. ಇವತ್ತಿಗೂ ಅದು ಕೆಮ್ಮಿದರೆ ಮ್ಯಾನೇಜರ್ ಅವರಿಗೇ ಫೋನು ಮಾಡುತ್ತಿದ್ದ. ಅಪ್ಪ ತೀರಿಕೊಂಡ ವರ್ಷ ಅಕ್ಕನ ಕೈಗೆ ಮೊದಲ ಸ್ಕ್ರೂಡ್ರೈವರ್ ಕೊಟ್ಟವರೂ ಅವರೇ. ತಮ್ಮ ಆಗ ನಾಲ್ಕು ವರ್ಷದವನು, ಮೇಷ್ಟ್ರ ತೊಡೆಯ ಮೇಲೆ ಕೂತು ಕೀಬೋರ್ಡು ಕುಟ್ಟುತ್ತಿದ್ದ.

"ಸುಮ್ನೆ ಯಾಕೆ ಒದ್ದಾಡ್ತೀಯ? ಆ ಕಾರ್ಡು ಸತ್ತಿದೆ. ನಾನೇ ನೋಡಿದೀನಿ."

"ಸತ್ತಿಲ್ಲ ಮೇಷ್ಟ್ರೇ." ಅಕ್ಕ ಪರದೆಯನ್ನು ಅವರ ಕಡೆಗೆ ತಿರುಗಿಸಿದಳು. "ನೋಡಿ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂಬತ್ತನೆಯ ಸಾಲು ಓದಿದರು. ಒಂದೇ ಸಾಲು, ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಆಮೇಲೆ ಹೋಗಿ ಬಾಗಿಲು ಮುಂದಕ್ಕೆ ಎಳೆದು ಬಂದು ಕುಳಿತರು.

"ನಾನೇ ಬರೆದದ್ದು."

ಅಕ್ಕ ಕುರ್ಚಿಯನ್ನು ಅವರ ಕಡೆಗೆ ತಿರುಗಿಸಿದಳು.

"ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಫೋನ್ ಮಾಡಿದ್ರು, ಅಜ್ಜ ಹೋಗ್ಬಿಟ್ಟಿದ್ದಾನೆ, ಕ್ಯಾಮೆರಾ ನೋಡ್ಕೊಡಿ ಅಂತ. ನಾನೊಬ್ನೇ ಕೂತು ನೋಡಿದೆ. ಆರೂ ನಲವತ್ತಕ್ಕೆ ಅಜ್ಜ ಒಳಗೆ ಹೋಗ್ತಾನೆ. ಎರಡು ನಿಮಿಷಕ್ಕೆ ನಿನ್ ತಮ್ಮ ಬರ್ತಾನೆ. ಬಾಗಿಲು ತಳ್ತಾನೆ, ಚಿಲಕ ಎಳೀತಾನೆ, ಹೋಗ್ತಾನೆ. ಅಷ್ಟೆ."

"ಅವ್ನು ಆರಕ್ಕೇ ಹೊರಟೆ ಅಂದಿದ್ದ."

"ಹೆದರ್ಕೊಂಡು ಸುಳ್ಳು ಹೇಳಿದಾನೆ. ಒಳಗೆ ಯಾರೂ ಇಲ್ಲ ಅಂತ ಹಾಕಿರ್ತಾನೆ ಕಣೇ. ದಿನಾ ಹಾಕೋ ಚಿಲಕ. ಮರೆವು. ಆದ್ರೆ ಪೊಲೀಸ್ರು ಅದನ್ನ ಮರೆವು ಅಂತಾರಾ?"

"ಹಾಗಿದ್ರೆ ಅಳಿಸಿ ಹಾಕ್ಬಹುದಿತ್ತು."

"ಸತ್ತವನ ಕಡೇ ಗಳಿಗೆ ಅದು. ಅಳಿಸೋಕೆ ಕೈ ಬರ್ಲಿಲ್ಲ. ಮುಚ್ಚಿಟ್ಟೆ."

ಅಕ್ಕನಿಗೆ ಅಳು ಒತ್ತರಿಸಿ ಬಂತು. ಮೂರು ದಿನದಿಂದ ತಡೆದಿಟ್ಟದ್ದು. ತಮ್ಮ ಸುಳ್ಳು ಹೇಳಿದ್ದಾನೆ, ಅದೂ ತನ್ನ ಹತ್ತಿರ. ಅವನ ಕೈಯಿಂದಲೇ ಒಂದು ಜೀವ ಹೋಗಿದೆ. ತಾನು ಬೆಳಿಗ್ಗೆಯಿಂದ ಬಿಚ್ಚುತ್ತಿರುವುದು ಅವನ ಸಂಕೋಲೆಯನ್ನಲ್ಲ.

ಮೇಷ್ಟ್ರು ಅವಳ ತಲೆ ಸವರಿದರು. "ಒಂದ್ ಕೆಲಸ ಮಾಡು. ಪೆಟ್ಟಿಗೆ ಆರಿಸಿ ಕಾರ್ಡು ಕಿತ್ತು ನನ್ ಕೈಗೆ ಕೊಡು. ಇಂಥದೇ ಸುಟ್ಟದ್ದೊಂದು ಮನೇಲಿದೆ, ಅದನ್ನ ಕೂರಿಸಿ ತೋರ್ಸೋಣ. ರೆಕಾರ್ಡ್ ಇಲ್ಲ ಅಂದ್ರೆ ಉಳಿಯೋದು ಬೆರಳಚ್ಚು ಒಂದೇ. ದಿನಕ್ಕೆ ನೂರು ಸಲ ಮುಟ್ಟೋ ಚಿಲಕದ ಮೇಲೆ ಬೆರಳಚ್ಚು ಇರದೆ ಏನಿರುತ್ತೆ? ಯಾವ ವಕೀಲನಾದ್ರೂ ಬಿಡಿಸ್ತಾನೆ."

ಹಾವೂ ಸಾಯದೆ ಕೋಲೂ ಮುರಿಯದೆ ಮುಗಿಯುವ ದಾರಿ. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಸ್ಕ್ರೂಡ್ರೈವರ್ ಎತ್ತಿಕೊಂಡಳು. ತಪ್ಪು ಎಂದು ಗೊತ್ತಿತ್ತು. ಮಾಡಲು ತಯಾರಾಗಿದ್ದಳು.

ಆರಿಸುವ ಮುಂಚೆ ತೆರೆದ ಕಡತಗಳನ್ನು ಮುಚ್ಚಬೇಕು. ಮುಚ್ಚಲು ಪರದೆಯ ಕಡೆ ತಿರುಗಿದಳು. ಹಳೆಯ ನಕಲಿನ ಹೆಸರು ಎದುರಿಗಿತ್ತು, ತಾರೀಕಿನ ಸಮೇತ.

ಕೈ ಅಲ್ಲೇ ನಿಂತಿತು.

"ಈ ಸಾಲು ಯಾವತ್ತು ಬರೆದ್ರಿ ಮೇಷ್ಟ್ರೇ?"

"ಹೇಳಿದೆನಲ್ಲ. ಶುಕ್ರವಾರ. ನೋಡಿದ ಮೇಲೆ."

"ಹಳತು ಎತ್ತಿಟ್ಟಿದೀರಿ. ಅದರ ಮೇಲೆ ಬುಧವಾರದ ತಾರೀಕಿದೆ."

ಮೇಷ್ಟ್ರ ಕೈಯಲ್ಲಿದ್ದ ಲೋಟದಿಂದ ಟೀ ತುಳುಕಿ ಪ್ಯಾಂಟಿನ ಮೇಲೆ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಮೂವತ್ತು ವರ್ಷದ ಕಸುಬಿನ ಗುಣ ಅದಕ್ಕಿಂತ ಗಟ್ಟಿ. ಹಳೆಯದನ್ನು ಎತ್ತಿಡದೆ ಹೊಸದಕ್ಕೆ ಕೈ ಹಾಕಬೇಡ ಎಂದು ಸಾವಿರ ಸಲ ಹೇಳಿದ ಮನುಷ್ಯ. ಕಳ್ಳಕೆಲಸಕ್ಕೆ ಕುಳಿತಾಗಲೂ ಅವರ ಕೈ ಮೊದಲು ಅದನ್ನೇ ಮಾಡಿತ್ತು.

"ಬುಧವಾರ ಬರೆದಿದ್ರೆ ಗುರುವಾರದ್ದು ರೆಕಾರ್ಡೇ ಆಗ್ತಿರ್ಲಿಲ್ಲ" ಎಂದರು ಮೇಷ್ಟ್ರು, ನಿಧಾನವಾಗಿ. "ನಾನು ನೋಡಿದೆ ಅಂದೆನಲ್ಲ? ಪೆಟ್ಟಿಗೆಯ ಗಡಿಯಾರ ತಪ್ಪಿರ್ಬೇಕು."

ಅದೂ ಸರಿ ಎನಿಸುವ ಮಾತೇ. ಬೇರೆ ಯಾರಾದರೂ ಒಪ್ಪಿಕೊಂಡುಬಿಡುತ್ತಿದ್ದರು.

ಅಕ್ಕ ಯಂತ್ರದ ದಿನಚರಿ ತೆರೆದಳು. ಎಷ್ಟು ಹೊತ್ತಿಗೆ ಆರಿತು, ಎಷ್ಟು ಹೊತ್ತಿಗೆ ಹೊತ್ತಿತು, ಎದ್ದಾಗ ಏನೇನು ಕಂಡಿತು, ಎಲ್ಲ ಅದರಲ್ಲಿರುತ್ತದೆ. ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಒಮ್ಮೆ ಆರಿಸಿ ಹೊತ್ತಿಸಿದ್ದಾರೆ. ಎದ್ದಾಗ ನಾಲ್ಕು ಡಿಸ್ಕೂ ಕಂಡಿವೆ. ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಇನ್ನೊಮ್ಮೆ. ಈ ಸಲ ಒಂದೂ ಕಂಡಿಲ್ಲ.

ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ.

"ಗಂಟು ಕಟ್ಟೋದು ಮರೆತ್ರಿ ಮೇಷ್ಟ್ರೇ."

ಯಂತ್ರ ಏಳುವಾಗ ಬೇಕಾದ ಸಾಮಾನುಗಳನ್ನೆಲ್ಲ ಮೊದಲೇ ಒಂದು ಸಣ್ಣ ಗಂಟಿನಲ್ಲಿ ಕಟ್ಟಿಟ್ಟಿರುತ್ತಾರೆ. ಕಣ್ಣು ಬಿಟ್ಟ ತಕ್ಷಣ ಅದು ಕಡತಗಳನ್ನು ಓದುವುದಿಲ್ಲ, ಗಂಟು ಬಿಚ್ಚುತ್ತದೆ. ಈ ಕಾರ್ಡಿನ ಡ್ರೈವರ್ ಆ ಗಂಟಿನಲ್ಲೂ ಇತ್ತು. ಕಡತದಲ್ಲಿ ಬೇಡ ಎಂದು ಬರೆದರೆ ಸಾಲದು. ಗಂಟನ್ನೂ ಹೊಸದಾಗಿ ಕಟ್ಟಬೇಕು. ಇಲ್ಲದಿದ್ದರೆ ಯಂತ್ರ ಹಳೆಯ ಗಂಟು ಬಿಚ್ಚಿ, ಹಳೆಯ ಡ್ರೈವರ್ ತೆಗೆದು, ಏನೂ ಆಗದ ಹಾಗೆ ಕೆಲಸ ಶುರುಮಾಡುತ್ತದೆ.

"ಇದೇ ತಪ್ಪಿಗೆ ನನ್ನ ಅಂಗೈ ಮೇಲೆ ಸ್ಕೇಲಲ್ಲಿ ಹೊಡೆದಿದ್ರಿ. ನೆನಪಿದ್ಯಾ? ಬುಧವಾರ ಸಾಲು ಬರೆದ್ರಿ. ಆರಿಸಿ ಹೊತ್ತಿಸಿದ್ರಿ. ಕ್ಯಾಮೆರಾ ಕುರುಡಾಯ್ತು ಅಂತ ಮನೆಗೆ ಹೋದ್ರಿ. ಅದು ನೋಡ್ತಾನೇ ಇತ್ತು. ಶುಕ್ರವಾರ ಬಂದು ನೋಡಿದಾಗ ನಿಮಗೆ ಗೊತ್ತಾಯ್ತು, ಗಂಟು ಕಟ್ಟಿದ್ರಿ."

ಮೇಷ್ಟ್ರು ಲೋಟವನ್ನು ಮೇಜಿನ ಮೇಲಿಟ್ಟರು.

"ಅಜ್ಜ ಸತ್ತಿದ್ದು ಗುರುವಾರ. ಅವತ್ತು ಕ್ಯಾಮೆರಾ ಇರಬಾರದು ಅಂತ ನಿಮಗೆ ಬುಧವಾರವೇ ಹೇಗೆ ಗೊತ್ತಿತ್ತು?" ಅಕ್ಕ ಕೀಬೋರ್ಡು ಹತ್ತಿರ ಎಳೆದುಕೊಂಡಳು. "ಎತ್ತಿ ಆಡಿಸಿದ ಹುಡುಗನ ತಲೆಗೆ ಕಟ್ಟೋಕೆ ನಿಮಗೆ ಮನಸ್ಸಾದ್ರೂ ಹೇಗೆ ಬಂತು?"

ಉತ್ತರಕ್ಕೆ ಕಾಯಲಿಲ್ಲ. ಒಂಬತ್ತನೆಯ ಸಾಲು ಅಳಿಸಿದಳು. ಡ್ರೈವರನ್ನು ಕರೆದಳು.

ಈ ಸಲ ಯಂತ್ರ ಮಾತಾಡಿತು. ಒಂದು ಡಿಸ್ಕು. ಎರಡು. ಮೂರು. ಸ್ವಲ್ಪ ತಡೆದು ನಾಲ್ಕನೆಯದು. ಒಳಗೆ ದಿನಕ್ಕೊಂದರಂತೆ ಕಡತಗಳ ಸಾಲು. ಗುರುವಾರ ಎಂಬುದನ್ನು ತೆರೆದಳು. ಸಂಜೆ ಆರರಿಂದ ಏಳರವರೆಗಿನ ರೆಕಾರ್ಡು ಪೂರ್ತಿಯಾಗಿ ಇತ್ತು.

"ಬೇಡ ಮಗಳೇ." ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು. "ಓಡಿಸ್ಬೇಡ."

"ಯಾಕೆ? ಅದರಲ್ಲಿ ನೀವಿದೀರಾ?"

"ನಾನಿಲ್ಲ. ಇದ್ದಿದ್ರೆ ಚೆನ್ನಾಗಿತ್ತು." ಅವರ ಕಣ್ಣು ಒದ್ದೆಯಾಗಿತ್ತು. "ಆ ಸಾಲು ಬರೆದದ್ದು ಬುಧವಾರವೇ. ಬರೆಸಿದ್ದು ನಿನ್ ತಮ್ಮ."

"ಏನಂದ್ರಿ?"

"ಬುಧವಾರ ಬೆಳಿಗ್ಗೆ ಅವ್ನು ಬಂದು, ಮೇಷ್ಟ್ರೇ, ಗುರುವಾರ ಒಂದು ಸಂಜೆ ಮಟ್ಟಿಗೆ ಕ್ಯಾಮೆರಾ ನಿಲ್ಲಿಸ್ಕೊಡಿ, ಅಕ್ಕಂಗೆ ಹೇಳ್ಬೇಡಿ ಅಂದ. ಯಾಕೋ ಅಂದೆ. ಕೇಳ್ಬೇಡಿ ಅಂದ. ಕೇಳ್ದೇ ಹೋದೆ. ಆ ತಪ್ಪು ನಂದು. ಅದಕ್ಕೇ ಶುಕ್ರವಾರ ಅಂದದ್ದು. ಶುಕ್ರವಾರ ಅಂದ್ರೆ ಅವನ ಕೈಯಿಂದ ಆದದ್ದು ಮರೆವು. ಬುಧವಾರ ಅಂದ್ರೆ..."

ಮುಂದಿನದನ್ನು ಅವರು ಹೇಳಬೇಕಾಗಿರಲಿಲ್ಲ. ಬುಧವಾರ ಎಂದರೆ ಸಂಚು. ಬುಧವಾರ ಎಂದರೆ ಜೀವಾವಧಿ. ಅದನ್ನು ತಾರೀಕು, ಗಂಟೆ, ದಿನಚರಿ ಸಮೇತ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಿದವಳು ತಾನೇ. ಯಾಕಾದರೂ ಈ ವಿದ್ಯೆ ಕಲಿತೆನೋ ಎಂದು ಅಕ್ಕನಿಗೆ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು.

"ಯಾವುದು ಬುಧವಾರ?"

ಇಬ್ಬರೂ ಬೆಚ್ಚಿ ತಿರುಗಿದರು. ಬಾಗಿಲು ತೆರೆದಿತ್ತು. ಇನ್ಸ್‌ಪೆಕ್ಟರ್ ನಿಂತಿದ್ದರು; ಹಿಂದೆ ಪೇದೆ, ಫೋನು ಜೇಬಿನಲ್ಲಿಟ್ಟು ನೆಟ್ಟಗೆ. ಗಡಿಯಾರದಲ್ಲಿ ಇನ್ನೂ ಮೂರು ಗಂಟೆ ಆಗಿರಲಿಲ್ಲ.

ಮೇಷ್ಟ್ರೇ ಮೊದಲು ಎದ್ದರು. "ಸರ್, ತಪ್ಪು ನಂದು. ಡಿಸ್ಕು ಕಾಣದ ಹಾಗೆ ಮಾಡಿದ್ದು ನಾನು. ಶುಕ್ರವಾರ ಬೆಳಿಗ್ಗೆ. ಈ ಹುಡುಗಿ ಸುಸ್ತಾಗಿ ದಿನ ತಪ್ಪಿ ಏನೋ ಅಂತಿದಾಳೆ."

ಇನ್ಸ್‌ಪೆಕ್ಟರ್ ಅವರ ಕಡೆ ನೋಡಲೂ ಇಲ್ಲ. ಅಕ್ಕನನ್ನೇ ನೋಡುತ್ತಿದ್ದರು. "ನೀನು ಹೇಳಮ್ಮ. ಪೆಟ್ಟಿಗೆ ಬಿಚ್ಚಿದವಳು ನೀನು. ಶುಕ್ರವಾರನಾ, ಬುಧವಾರನಾ?"

ಪರದೆಯ ಮೇಲೆ ತಾರೀಕು ಇನ್ನೂ ಇತ್ತು. ಓದಲು ಬಲ್ಲವರಿಗೆ ಮಾತ್ರ ಅದರ ಅರ್ಥ ತಿಳಿಯುತ್ತಿತ್ತು. ಅಕ್ಕ ಬೆಂಚಿನ ಮೇಲೆ ಕುಳಿತ ಅಮ್ಮನನ್ನು ನೆನೆದಳು. ತಮ್ಮನನ್ನು ನೆನೆದಳು. ಯಂತ್ರದ ವಿಷಯದಲ್ಲಿ ಅವಳು ಎಂದೂ ಯಾರಿಗೂ ಸುಳ್ಳು ಹೇಳಿದವಳಲ್ಲ.

"ಶುಕ್ರವಾರ ಸರ್" ಎಂದಳು.

"ಯೋಚನೆ ಮಾಡಿ ಹೇಳು."

"ಶುಕ್ರವಾರವೇ."

ಇನ್ಸ್‌ಪೆಕ್ಟರ್ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಕೋಪವಿರಲಿಲ್ಲ, ಬೇಸರವಿತ್ತು.

"ಅರ್ಧ ಗಂಟೆ ಮುಂಚೆ ನಿನ್ನ ತಮ್ಮ ಬಾಯಿ ಬಿಟ್ಟ. ಗುರುವಾರಕ್ಕೆ ಅಂತ ಬುಧವಾರವೇ ಕ್ಯಾಮೆರಾ ನಿಲ್ಲಿಸೋಕೆ ಹೇಳಿದ್ದೆ ಅಂತ ಒಪ್ಕೊಂಡ. ಯಾರ ಕೈಲಿ ಮಾಡಿಸ್ದೆ ಅಂತ ಕೇಳಿದ್ವಿ."

ಅಕ್ಕ ಮೇಷ್ಟ್ರ ಕಡೆ ನೋಡಿದಳು.

"ನಮ್ಮಕ್ಕನ ಕೈಲಿ ಅಂದ."

ಪೇದೆ ಬಾಗಿಲಿಗೆ ಅಡ್ಡವಾಗಿ ನಿಂತ. ಅಕ್ಕ ಮೇಷ್ಟ್ರನ್ನೇ ನೋಡುತ್ತಿದ್ದಳು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದಳು. ಒಂದು ನಿಮಿಷದ ಹಿಂದೆ ಎಲ್ಲ ತಪ್ಪನ್ನೂ ತಲೆಯ ಮೇಲೆ ಹೊತ್ತುಕೊಳ್ಳಲು ಮುಂದಾಗಿದ್ದ ಮೇಷ್ಟ್ರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸುತ್ತ, ತುಟಿ ಪಿಟಕ್ ಎನ್ನದೆ ಕುಳಿತಿದ್ದರು.